ನಗರವನ್ನು ನಡೆದೇ ನೋಡಬೇಕು

ಪರದೇಶಗಳಿಗೆ ಹೋಗಿ ಬರುವವರ ಸಂಖ್ಯೆ ನಮ್ಮಲ್ಲಿ ಈಗ ಕಡಮೆಯೇನೂ ಅಲ್ಲ. ವ್ಯಾಸಂಗಕ್ಕೆಂದು ಹೋಗುವವರು, ಉದ್ಯೋಗದ ನಿಮಿತ್ತ ಹೋಗುವವರು, ನೋಡಬೇಕೆಂಬ ಹಂಬಲದಿಂದಲೇ ಹೋಗುವವರು ಎಲ್ಲರೂ ಹಿಂದಿರುಗಿದ ಮೇಲೆ ತಾವು ಕಂಡ ನಗರಗಳ ಹೆಸರುಗಳನ್ನು ಒಂದರ ಹಿಂದೆ ಒಂದಾಗಿ ಹೇಳುತ್ತಾರೆ. ಹತ್ತು ದಿನಗಳಲ್ಲಿ ಎಂಟು ನಗರಗಳನ್ನು ನೋಡಿದವರೂ ಉಂಟು. ಬಸ್ಸು ಒಂದು ಕಟ್ಟಡದ ಮುಂದೆ ನಿಲ್ಲುತ್ತದೆ. ಇಳಿದವರು ಚಿತ್ರ ತೆಗೆದುಕೊಂಡು ಮತ್ತೆ ಹತ್ತುತ್ತಾರೆ. ಬಸ್ಸು ಇನ್ನೊಂದು ಕಟ್ಟಡದ ಮುಂದೆ ನಿಲ್ಲುತ್ತದೆ. ಈ ಎರಡು ಕಟ್ಟಡಗಳ ನಡುವೆ ಇದ್ದುದೇನು? ಅದನ್ನು ಅವರು ಕಾಣರು. ಆದರೆ ನಗರವೆಂಬುದು ಇರುವುದು ಆ ನಡುವಿನಲ್ಲಿಯೇ. ನಗರವನ್ನು ತಿಳಿಯಬೇಕೆಂದಿರುವವರು, ಅದರಲ್ಲಿಯೂ ವಿಜ್ಞಾನದ ವಿದ್ಯಾರ್ಥಿಗಳು, ಒಂದು ದಿನವಾದರೂ ಅದರಲ್ಲಿ ಒಬ್ಬರೇ, ಕಾಲ್ನಡಿಗೆಯಲ್ಲಿ, ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನಿಟ್ಟುಕೊಂಡು ತಿರುಗಬೇಕೆಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಧಾರವಾದ ಒಂದು ದಿನದ ವೃತ್ತಾಂತವನ್ನೇ ಇಲ್ಲಿ ಸಾಕ್ಷಿಯಾಗಿ ಮುಂದಿಡುತ್ತೇವೆ.

ನಾವು ಆರಿಸಿಕೊಂಡ ನಗರ ಪ್ಯಾರಿಸ್. ಕಾಲ ೨೦೨೫ರ ಜೂನ್ ತಿಂಗಳು. ಪ್ರಶ್ನೆ ಅತಿ ಸಾಮಾನ್ಯವಾದುದು: ಮೀಟರು ಎಂಬುದು ಎಲ್ಲಿಂದ ಬಂತು? ಭೌತಶಾಸ್ತ್ರದ ವಿದ್ಯಾರ್ಥಿ ಈ ಮಾನವನ್ನು ದಿನಕ್ಕೆ ಎಷ್ಟು ಸಲ ಬರೆಯುತ್ತಾನೆಂಬುದಕ್ಕೆ ಲೆಕ್ಕವಿಲ್ಲ. ಉತ್ತರದ ಮುಂದೆ ಅದನ್ನು ಬರೆಯದೆ ಬಿಟ್ಟರೆ ನಾವೇ ಅಂಕವನ್ನು ಕಳೆಯುತ್ತೇವೆ. ಆದರೆ ಅದು ಆಕಾಶದಿಂದ ಉದುರಿದುದಲ್ಲ. ಕೆಲವು ಮನುಷ್ಯರು, ಒಂದು ಊರಿನಲ್ಲಿ, ಕಷ್ಟಪಟ್ಟು ನಿರ್ಮಿಸಿದುದು ಎಂಬುದನ್ನು ತರಗತಿಯಲ್ಲಿ ಹೇಳುವಷ್ಟು ಕಾಲ ನಮಗೆ ದೊರೆಯುವುದು ಅಪರೂಪ. ಒಬ್ಬರೇ ಹೊರಟುದೇಕೆಂದು ಕೇಳಬಹುದು. ಜೊತೆಯವರಿದ್ದರೆ ಮಾತು ಬೆಳೆಯುತ್ತದೆ, ನೋಟ ಕುಗ್ಗುತ್ತದೆ. ಒಂದು ಗೋಡೆಯ ಮುಂದೆ ಕಾಲು ಗಂಟೆ ಸುಮ್ಮನೆ ನಿಲ್ಲಬೇಕೆನಿಸಿದಾಗ ಯಾರ ಅಪ್ಪಣೆಯೂ ಬೇಕಾಗದಿರುವುದೇ ಒಂಟಿ ಪಯಣಿಗನ ದೊಡ್ಡ ಸಂಪತ್ತು.

ನಗರದ ದಕ್ಷಿಣ ಭಾಗದಲ್ಲಿ, ಮರಗಳಿಂದ ಕೂಡಿದ ಒಂದು ಹೆದ್ದಾರಿಯ ಬದಿಯಲ್ಲಿ, ಪ್ರತಿಮೆಯಿಲ್ಲದ ಒಂದು ಕಲ್ಲಿನ ಪೀಠವುಂಟು. ಬೆಳಗಿನ ನಡಿಗೆಯನ್ನು ನಾವು ಅಲ್ಲಿಂದಲೇ ಪ್ರಾರಂಭಿಸಿದೆವು. ಅದು ಭೌತವಿಜ್ಞಾನಿಯೂ ಖಗೋಳಜ್ಞನೂ ಆಗಿದ್ದ ಅರಾಗೋನ ಪೀಠ. ಅವನ ಕಂಚಿನ ಪ್ರತಿಮೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಲೋಹಕ್ಕಾಗಿ ಕರಗಿಸಿಬಿಟ್ಟರು. ಅದರ ಸ್ಥಾನದಲ್ಲಿ ಇನ್ನೊಂದು ಪ್ರತಿಮೆಯನ್ನು ನಿಲ್ಲಿಸುವ ಬದಲು, ೧೯೯೪ರಲ್ಲಿ ಯಾನ್ ದಿಬೆಟ್ಸ್ ಎಂಬ ಡಚ್ ಕಲಾವಿದನು ಬೇರೊಂದು ಬಗೆಯ ಸ್ಮಾರಕವನ್ನು ಮಾಡಿದನು. ಅಂಗೈಯಗಲದ ೧೩೫ ಕಂಚಿನ ಬಿಲ್ಲೆಗಳನ್ನು ನಗರದ ದಕ್ಷಿಣದ ಅಂಚಿನಿಂದ ಉತ್ತರದ ಅಂಚಿನವರೆಗೆ, ಸುಮಾರು ೯ ಕಿಲೋಮೀಟರುಗಳ ಉದ್ದಕ್ಕೆ, ನೆಲದಲ್ಲಿ ಹುದುಗಿಸಿದನು. ಒಂದೊಂದರ ಮೇಲೂ ಅರಾಗೋನ ಹೆಸರು, ಉತ್ತರ ದಕ್ಷಿಣ ದಿಕ್ಕುಗಳ ಗುರುತು. ಅವುಗಳಲ್ಲಿ ಎಷ್ಟೋ ಈಗ ಕಳೆದುಹೋಗಿವೆ. ಉಳಿದವನ್ನು ಹುಡುಕಬೇಕಾದರೆ ತಲೆ ತಗ್ಗಿಸಿ ನಡೆಯಬೇಕು. ವಾಹನದಲ್ಲಿ ಕುಳಿತವನಿಗೆ ಅವುಗಳಲ್ಲಿ ಒಂದೂ ಕಾಣದು.

ಈ ಬಿಲ್ಲೆಗಳು ಹಿಡಿದಿರುವ ದಾರಿಯೇ ಪ್ಯಾರಿಸ್ಸಿನ ಮಧ್ಯಾಹ್ನರೇಖೆ. ಅಂದರೆ, ಪ್ಯಾರಿಸ್ಸಿನ ಮೂಲಕ ಧ್ರುವದಿಂದ ಧ್ರುವಕ್ಕೆ ಎಳೆದಿರುವುದೆಂದು ನಾವು ಭಾವಿಸಿಕೊಳ್ಳುವ ಗೆರೆ. ಪೀಠದಿಂದ ಉತ್ತರಕ್ಕೆ ಅದು ನೇರವಾಗಿ ಖಗೋಳ ವೀಕ್ಷಣಾಲಯದ ನಡುಮಧ್ಯವನ್ನು ಹಾದುಹೋಗುತ್ತದೆ. ಇದು ಆಕಸ್ಮಿಕವಲ್ಲ. ೧೬೬೭ರ ಜೂನ್ ೨೧ರಂದು, ಸೂರ್ಯನು ಆಕಾಶದಲ್ಲಿ ಉತ್ತರದ ತುತ್ತತುದಿಯನ್ನು ಮುಟ್ಟುವ ದಿನ, ಗಣಿತಜ್ಞರು ಬಯಲಿನಲ್ಲಿ ಆ ಗೆರೆಯನ್ನು ಗುರುತಿಸಿದರು. ಕಟ್ಟಡವನ್ನು ಗೆರೆಗೆ ಹೊಂದಿಕೊಳ್ಳುವಂತೆ ಕಟ್ಟಿದರು. ನಮ್ಮ ದೇವಾಲಯಗಳನ್ನು ಪೂರ್ವದಿಕ್ಕಿಗೆ ಹೊಂದಿಸಿ ಕಟ್ಟುವುದನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು. ಆ ಗೋಡೆಗಳ ಒಳಗೆ ೧೬೭೬ರಲ್ಲಿ ಓಲೆ ರೋಮರ್ ಎಂಬ ಡೇನಿಷ್ ತರುಣನು ಗುರುಗ್ರಹದ ಉಪಗ್ರಹದ ಗ್ರಹಣಗಳನ್ನು ಪರಿಶೀಲಿಸುತ್ತಿದ್ದನು. ಭೂಮಿಯು ಗುರುವಿನಿಂದ ದೂರ ಸರಿದಂತೆಲ್ಲ ಗ್ರಹಣಗಳು ಲೆಕ್ಕಕ್ಕಿಂತ ತಡವಾಗಿ ಕಾಣುತ್ತಿದ್ದುವು. ಬೆಳಕು ನಮ್ಮನ್ನು ಬಂದು ಮುಟ್ಟಲು ಕಾಲ ಹಿಡಿಯುವುದೇ ಇದಕ್ಕೆ ಕಾರಣವೆಂದು ಅವನು ಸಾರಿದನು. ಭೂಕಕ್ಷೆಯ ವ್ಯಾಸವನ್ನು ದಾಟಲು ಬೆಳಕಿಗೆ ೨೨ ನಿಮಿಷ ಬೇಕೆಂಬುದು ಅವನ ಲೆಕ್ಕ. ಈಗ ನಾವು ತಿಳಿದಿರುವಂತೆ ಅದು ೧೭ ನಿಮಿಷಕ್ಕೆ ಸ್ವಲ್ಪ ಕಡಮೆ. ಅಂಕಿಯಲ್ಲಿ ದೋಷವಿದ್ದರೂ ಬೆಳಕಿನ ವೇಗಕ್ಕೆ ಮಿತಿಯುಂಟೆಂಬ ಅರಿವು ಮಾನವನಿಗೆ ದೊರೆತುದು ಈ ಕಟ್ಟಡದಿಂದ. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡಿರಬೇಕು; ಮುಂದೆ ಅದು ಮತ್ತೆ ಬರುತ್ತದೆ.

ವೀಕ್ಷಣಾಲಯದಿಂದ ಉತ್ತರಕ್ಕೆ ಸಾಲುಮರಗಳ ಅಗಲವಾದ ದಾರಿ ಲುಕ್ಸೆಂಬರ್ಗ್ ಉದ್ಯಾನಕ್ಕೆ ಇಳಿಯುತ್ತದೆ. ಇಲ್ಲಿ ನಡೆಯುವವನು ತನಗೆ ತಿಳಿಯದೆಯೇ ಒಂದು ಪ್ರಯೋಗವನ್ನು ಮಾಡುತ್ತಿರುತ್ತಾನೆ. ಉತ್ತರಕ್ಕೆ ನಡೆದಂತೆ ಧ್ರುವನಕ್ಷತ್ರ ದಿಗಂತದಿಂದ ಮೇಲೇರುತ್ತದೆ. ಬೆಂಗಳೂರಿನಲ್ಲಿ ಅದರ ಎತ್ತರ ಸುಮಾರು ೧೩ ಡಿಗ್ರಿ, ಪ್ಯಾರಿಸ್ಸಿನಲ್ಲಿ ಸುಮಾರು ೪೯ ಡಿಗ್ರಿ. ಅರಾಗೋನ ಬಿಲ್ಲೆಗಳ ೯ ಕಿಲೋಮೀಟರುಗಳನ್ನು ಪೂರ್ತಿ ನಡೆದವನಿಗೆ ನಕ್ಷತ್ರ ಒಂದು ಡಿಗ್ರಿಯ ಹನ್ನೆರಡನೆಯ ಒಂದು ಪಾಲಿನಷ್ಟು ಮೇಲೇರಿರುತ್ತದೆ. ಕಣ್ಣಿಗೆ ತಿಳಿಯದ ಈ ಏರಿಕೆ ಉಪಕರಣಕ್ಕೆ ಸುಲಭವಾಗಿ ತಿಳಿಯುತ್ತದೆ. ನಡೆದ ದೂರ ಇಷ್ಟು, ನಕ್ಷತ್ರ ಏರಿದ ಕೋನ ಇಷ್ಟು. ಇವೆರಡೂ ಗೊತ್ತಾದರೆ ಭೂಮಿಯ ಸುತ್ತಳತೆ ಕೈಸೇರಿತು. ಭೂಮಿಯನ್ನು ಅಳೆದವರೆಲ್ಲರೂ ಮಾಡಿದುದು ಇಷ್ಟೇ. ಅವರು ನಡೆದ ದಾರಿ ಮಾತ್ರ ಬಹು ಉದ್ದವಾಗಿತ್ತು.

ಉದ್ಯಾನದ ಪೂರ್ವದ ಬಾಗಿಲಿನಿಂದ ಹೊರಬಂದರೆ ಏರುದಾರಿಯ ಕೊನೆಯಲ್ಲಿ ಪಾಂತಿಯಾನ್ ಎಂಬ ಭವ್ಯಮಂದಿರ ನಿಂತಿದೆ. ೧೮೫೧ರ ಮಾರ್ಚಿಯಲ್ಲಿ ಫೂಕೋ ತನ್ನ ಲೋಲಕವನ್ನು ಸಾರ್ವಜನಿಕರ ಮುಂದೆ ತೂಗಬಿಟ್ಟುದು ಇದರ ಗುಮ್ಮಟದಿಂದ. ತಂತಿಯ ಉದ್ದ ೬೭ ಮೀಟರು, ಗುಂಡಿನ ತೂಕ ೨೮ ಕಿಲೋಗ್ರಾಂ. ಮೊದಲ ಪ್ರಯೋಗವನ್ನು ಅವನು ಅದೇ ವರ್ಷದ ಜನವರಿಯಲ್ಲಿ, ಉದ್ಯಾನದ ಇನ್ನೊಂದು ಬದಿಯಲ್ಲಿದ್ದ ತನ್ನ ಮನೆಯ ನೆಲಮಾಳಿಗೆಯಲ್ಲಿ ನಡೆಸಿದ್ದನು. ಫೆಬ್ರವರಿಯಲ್ಲಿ ವಿದ್ವಾಂಸರಿಗಾಗಿ ವೀಕ್ಷಣಾಲಯದಲ್ಲಿ ತೋರಿಸಿದನು. ಮಾರ್ಚಿಯಲ್ಲಿ ಎಲ್ಲರಿಗಾಗಿ ಇಲ್ಲಿ. ಈ ಮೂರು ಸ್ಥಳಗಳೂ ಅರ್ಧ ಗಂಟೆಯ ನಡಿಗೆಯೊಳಗೆ ಇವೆ! ಒಂದು ಸತ್ಯವು ನೆಲಮಾಳಿಗೆಯಿಂದ ಪಂಡಿತರ ಸಭೆಗೂ, ಸಭೆಯಿಂದ ಬೀದಿಯ ಜನರಿಗೂ ತಲುಪಿದ ದಾರಿಯನ್ನು ನಮ್ಮ ಕಾಲುಗಳೇ ಅಳೆದು ತಿಳಿದುಕೊಂಡುವು.

ಈಗ ಅಲ್ಲಿರುವ ಲೋಲಕ ೧೯೯೫ರಲ್ಲಿ ಮತ್ತೆ ತೂಗಬಿಟ್ಟ ಪ್ರತಿರೂಪ. ಒಂದು ಸಲ ಹೋಗಿಬರಲು ಅದಕ್ಕೆ ಸುಮಾರು ಹದಿನಾರೂವರೆ ಸೆಕೆಂಡು ಬೇಕು. ನಾವು ಒಂದು ಗಂಟೆಯ ಕಾಲ ಅದರ ಬಳಿ ನಿಂತಿದ್ದೆವು. ಅಷ್ಟರಲ್ಲಿ ಅದರ ತೂಗಾಟದ ದಿಕ್ಕು ೧೧ ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ತಿರುಗಿತ್ತು. ಅದೇ ಲೋಲಕವನ್ನು ಬೆಂಗಳೂರಿನಲ್ಲಿ ತೂಗಬಿಟ್ಟರೆ ಗಂಟೆಗೆ ತಿರುಗುವುದು ಮೂರೂವರೆ ಡಿಗ್ರಿಗೂ ಕಡಮೆ. ಪ್ಯಾರಿಸ್ಸಿನಲ್ಲಿ ಒಂದು ಪೂರ್ಣ ಸುತ್ತಿಗೆ ಸುಮಾರು ೩೨ ಗಂಟೆ ಸಾಕು. ನಮ್ಮಲ್ಲಿ ನಾಲ್ಕೂವರೆ ದಿನಗಳೇ ಬೇಕು. ಅಕ್ಷಾಂಶದ ಸೈನ್ ಎಂದು ನಾವು ಕರಿಹಲಗೆಯ ಮೇಲೆ ಬರೆಯುವ ಚಿಹ್ನೆಯ ಅರ್ಥ ಇದೇ. ಸುತ್ತ ನಿಂತಿದ್ದವರಲ್ಲಿ ಹೆಚ್ಚಿನವರು ಎರಡು ನಿಮಿಷ ನೋಡಿ, ಚಿತ್ರ ತೆಗೆದು, ಹೊರಟುಹೋಗುತ್ತಿದ್ದರು. ಅವರು ಕಂಡುದು ತೂಗಾಡುವ ಒಂದು ಗುಂಡನ್ನು. ಭೂಮಿ ತಿರುಗುವುದನ್ನು ಕಾಣಲು ನಿಲ್ಲುವ ತಾಳ್ಮೆ ಬೇಕು.

ಈ ಮಂದಿರದ ಕೆಳಗಿನ ಸಮಾಧಿಗೃಹದಲ್ಲಿ ಪಿಯರ್ ಕ್ಯೂರಿಯೂ ಮೇರಿ ಕ್ಯೂರಿಯೂ ೧೯೯೫ರಿಂದ ವಿಶ್ರಮಿಸುತ್ತಿದ್ದಾರೆ. ಸ್ವಂತ ಸಾಧನೆಯ ಬಲದಿಂದ ಅಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಮೇರಿ. ಹಿಂಬದಿಯಲ್ಲಿ ಕೆಲವೇ ನಿಮಿಷ ನಡೆದರೆ ಅವರ ಹೆಸರನ್ನೇ ಹೊತ್ತ ಬೀದಿ; ಅಲ್ಲಿ ೧೯೧೪ರಲ್ಲಿ ಮುಗಿದ ರೇಡಿಯಂ ಸಂಸ್ಥೆಯ ಕಟ್ಟಡ. ಮೇರಿ ಕ್ಯೂರಿ ಕೆಲಸ ಮಾಡುತ್ತಿದ್ದ ಕೊಠಡಿಯೂ ಪ್ರಯೋಗಶಾಲೆಯೂ ಈಗ ವಸ್ತುಸಂಗ್ರಹಾಲಯ. ೧೮೯೮ರಲ್ಲಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದ ಕಾಲದ ಕೊಟ್ಟಿಗೆ ಈಗ ಉಳಿದಿಲ್ಲ, ಆದರೆ ಅದಿದ್ದ ಬೀದಿಯೂ ಇಲ್ಲಿಗೆ ಹತ್ತಿರವೇ. ಆ ಕೊಠಡಿಯ ಮೇಜು ಕುರ್ಚಿಗಳನ್ನು ನೋಡಿದಾಗ ನಮಗೆ ಮೊದಲು ತೋರಿದುದು ಅವುಗಳ ಸಾಧಾರಣತೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದಕ್ಕಿಂತ ಒಳ್ಳೆಯ ಮೇಜುಗಳಿವೆ.

ಅಲ್ಲಿಂದ ಮತ್ತೆ ಉದ್ಯಾನವನ್ನು ದಾಟಿ, ಅದರ ಉತ್ತರದಲ್ಲಿರುವ ವೋಜಿರಾರ್ ಬೀದಿಗೆ ಬಂದೆವು. ನಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಬೀದಿಯ ೩೬ನೆಯ ಸಂಖ್ಯೆಯ ಕಟ್ಟಡದ ಕಮಾನಿನ ಕೆಳಗೆ. ಗೋಡೆಯಲ್ಲಿ ಅಮೃತಶಿಲೆಯ ಒಂದು ಹಲಗೆ. ಅದರ ಮೇಲೆ ಮೀಟರು ಎಂಬ ಪದ, ಒಂದು ಮೀಟರು ಉದ್ದದ ಗೆರೆ. ಇಷ್ಟೇ. ೧೭೯೬ ಮತ್ತು ೧೭೯೭ರಲ್ಲಿ ಇಂತಹ ಹದಿನಾರು ಮೀಟರುಗಳನ್ನು ಪ್ಯಾರಿಸ್ಸಿನ ಜನನಿಬಿಡ ಸ್ಥಳಗಳಲ್ಲಿ ಸ್ಥಾಪಿಸಿದ್ದರು. ಇಟ್ಟ ಸ್ಥಳದಲ್ಲಿಯೇ ಇಂದಿಗೂ ಉಳಿದಿರುವುದು ಇದೊಂದೇ. ಜನರು ಅದರ ಮುಂದೆ ತಮ್ಮ ಪಾಡಿಗೆ ಹೋಗಿಬರುತ್ತಿದ್ದರು. ನಾವು ಎರಡು ಕೈಗಳನ್ನೂ ಚಾಚಿ ಆ ಗೆರೆಯ ಎರಡು ತುದಿಗಳ ಮೇಲಿಟ್ಟೆವು. ನಮ್ಮ ಒಂದು ಮಾರಿನಲ್ಲಿ ಅದು ಅಡಗಿಹೋಗುತ್ತದೆ.

ಅದನ್ನು ಬೀದಿಯಲ್ಲಿ ಇಟ್ಟುದೇಕೆ? ಇಲ್ಲಿದೆ ವಿಷಯದ ತಿರುಳು. ಕ್ರಾಂತಿಗೆ ಮೊದಲು ಫ್ರಾನ್ಸಿನಲ್ಲಿ ಊರಿಗೊಂದು ಅಳತೆ, ಪದಾರ್ಥಕ್ಕೊಂದು ಅಳತೆ. ನಮ್ಮಲ್ಲಿಯೂ ಸೇರು, ಬಳ್ಳ, ಕೊಳಗಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದನ್ನು ಹಿರಿಯರಿಂದ ಕೇಳಬಹುದು. ಅಳತೆ ಯಾರ ಕೈಯಲ್ಲಿದೆಯೋ ಲಾಭವೂ ಅವರ ಕೈಯಲ್ಲಿ. ಕಂದಾಯದ ಧಾನ್ಯವನ್ನು ದೊಡ್ಡ ಕೊಳಗದಲ್ಲಿ ತೆಗೆದುಕೊಂಡು ಚಿಕ್ಕ ಕೊಳಗದಲ್ಲಿ ಮಾರಿದರೆ ಬಡ ರೈತನು ಯಾರನ್ನು ಕೇಳಬೇಕು? ಯಾವ ದೊರೆಯ ಕಾಲನ್ನೂ ತೋಳನ್ನೂ ಅವಲಂಬಿಸದೆ, ಎಲ್ಲರಿಗೂ ಸೇರಿದ ಭೂಮಿಯಿಂದಲೇ ಅಳತೆಯನ್ನು ಪಡೆಯಬೇಕೆಂದು ಅಲ್ಲಿನ ವಿದ್ವಾಂಸರು ನಿಶ್ಚಯಿಸಿದರು. ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಪಾಲು ಮೀಟರು ಎನಿಸಿಕೊಂಡಿತು. ಹಾಗೆ ಪಡೆದ ಅಳತೆಯನ್ನು ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ದರೆ ಅದು ಮತ್ತೊಬ್ಬ ದೊರೆಯ ಅಳತೆಯಾಗುತ್ತಿತ್ತು. ಗೋಡೆಯಲ್ಲಿ ಕೆತ್ತಿ ನಿಲ್ಲಿಸಿದುದರಿಂದ ತರಕಾರಿ ಮಾರುವವಳೂ ಬಟ್ಟೆ ಕೊಳ್ಳುವವನೂ ತಮ್ಮ ಕೋಲನ್ನು ತಂದು ಪರೀಕ್ಷಿಸಿಕೊಳ್ಳಬಹುದಾಯಿತು. ಯಾರು ಬೇಕಾದರೂ ಬಂದು ಪರೀಕ್ಷಿಸಬಹುದೆಂಬುದೇ ವಿಜ್ಞಾನದ ಪ್ರಾಣ. ಆ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸ್ಮಾರಕವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇದರ ಹಿಂದಿರುವ ಶ್ರಮವನ್ನೂ ಹೇಳಬೇಕು. ೧೭೯೨ರಿಂದ ೧೭೯೮ರವರೆಗೆ ದೆಲಾಂಬ್ರ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕಿನಿಂದ ಬಾರ್ಸಿಲೋನದವರೆಗೆ ಈ ಮಧ್ಯಾಹ್ನರೇಖೆಯನ್ನು ತ್ರಿಕೋನಗಳ ಸರಣಿಯಿಂದ ಅಳೆದರು. ಅದು ಕ್ರಾಂತಿಯ, ಯುದ್ಧದ ಕಾಲ. ಗೋಪುರಗಳನ್ನೇರಿ ದೂರದರ್ಶಕದಲ್ಲಿ ನೋಡುವವರನ್ನು ಜನರು ಗೂಢಚಾರರೆಂದು ಶಂಕಿಸುತ್ತಿದ್ದರು. ಬಾರ್ಸಿಲೋನದ ಅಕ್ಷಾಂಶದ ಎರಡು ಅಳತೆಗಳ ನಡುವೆ ಮೆಶೇನನಿಗೆ ಕೆಲವೇ ಸೆಕೆಂಡು ಕೋನದ ವ್ಯತ್ಯಾಸ ಕಂಡುಬಂತು. ನೆಲದ ಮೇಲೆ ಅದು ಸುಮಾರು ನೂರು ಮೀಟರು. ಅದನ್ನು ಹೊರಗೆಡಹಲಾರದೆ ಅವನು ವರ್ಷಗಟ್ಟಲೆ ಬೆಂದನು. ಅಳತೆಯನ್ನು ಮುಂದುವರಿಸಲೆಂದು ಮತ್ತೆ ಸ್ಪೇನಿಗೆ ಹೋಗಿ ೧೮೦೪ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡನು. ಅದೇ ರೇಖೆಯನ್ನು ಇನ್ನೂ ದಕ್ಷಿಣಕ್ಕೆ ಕೊಂಡೊಯ್ದ ಅರಾಗೋ ಸೆರೆಮನೆಗಳನ್ನು ಕಂಡು ೧೮೦೯ರಲ್ಲಿ ತಾಯಿನಾಡಿಗೆ ಮರಳಿದನು. ೧೭೯೯ರಲ್ಲಿ ಪ್ಲಾಟಿನಂ ಲೋಹದಲ್ಲಿ ಮಾಡಿದ ಮೀಟರು ಉದ್ದೇಶಿಸಿದ್ದಕ್ಕಿಂತ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಮಾತ್ರ ಗಿಡ್ಡ. ೧೮೮೯ರಲ್ಲಿ ಅಂತರರಾಷ್ಟ್ರೀಯ ಮೀಟರುಕೋಲು ಬಂತು. ಅದರ ಸ್ಥಾನದಲ್ಲಿ ೧೯೬೦ರಲ್ಲಿ ಕ್ರಿಪ್ಟಾನ್ ಪರಮಾಣುವಿನ ಬೆಳಕಿನ ಅಲೆಯುದ್ದ. ೧೯೮೩ರಿಂದ, ಬೆಳಕು ಒಂದು ಸೆಕೆಂಡಿನ ೨೯,೯೭,೯೨,೪೫೮ರ ಒಂದು ಪಾಲಿನಲ್ಲಿ ಕ್ರಮಿಸುವ ದೂರವೇ ಮೀಟರು. ರೋಮರನು ವೀಕ್ಷಣಾಲಯದಲ್ಲಿ ಹಿಡಿದ ಎಳೆಯೂ, ಅದೇ ವೀಕ್ಷಣಾಲಯದ ಮೂಲಕ ಹಾಯ್ದ ಮಧ್ಯಾಹ್ನರೇಖೆಯ ಎಳೆಯೂ ಮುನ್ನೂರು ವರ್ಷಗಳ ಮೇಲೆ ಹೀಗೆ ಒಂದಾದುವು. ಬೆಳಿಗ್ಗೆ ನೋಡಿದ ಕಟ್ಟಡಕ್ಕೂ ಈ ಗೋಡೆಗೂ ಒಂದೂವರೆ ಕಿಲೋಮೀಟರು ದೂರವಿರಬಹುದು!

ಸಮೀಪದಲ್ಲಿಯೇ ಸಂತ ಸುಲ್ಪೀಸನ ಚರ್ಚು ಇದೆ. ಅದರ ನೆಲದಲ್ಲಿ ಹದಿನೆಂಟನೆಯ ಶತಮಾನದ ಹಿತ್ತಾಳೆಯ ಗೆರೆಯೊಂದು ಉತ್ತರ ದಕ್ಷಿಣವಾಗಿ ಹರಿದು, ಕೊನೆಗೆ ಗೋಡೆಯ ಬಳಿಯ ಅಮೃತಶಿಲೆಯ ಕಂಬವನ್ನೇರುತ್ತದೆ. ದಕ್ಷಿಣದ ಕಿಟಕಿಯ ರಂಧ್ರದಿಂದ ಬರುವ ಸೂರ್ಯಬಿಂಬ ಈ ಗೆರೆಯನ್ನು ದಾಟುವುದೇ ನಿಜವಾದ ಮಧ್ಯಾಹ್ನ. ಜೂನ್ ತಿಂಗಳಲ್ಲಿ ಆ ಹೊತ್ತಿಗೆ ಗಡಿಯಾರ ತೋರಿಸುವುದು ಹನ್ನೆರಡನ್ನಲ್ಲ, ಒಂದು ಗಂಟೆ ಐವತ್ತೊಂದು ನಿಮಿಷವನ್ನು. ಪ್ಯಾರಿಸ್ ಗ್ರೀನಿಚ್ಚಿಗಿಂತ ಎರಡು ಡಿಗ್ರಿ ಇಪ್ಪತ್ತು ನಿಮಿಷ ಪೂರ್ವಕ್ಕಿದೆ. ಆದುದರಿಂದ ಅದರ ಮಧ್ಯಾಹ್ನ ಗ್ರೀನಿಚ್ಚಿಗಿಂತ ಒಂಬತ್ತು ನಿಮಿಷಗಳಷ್ಟು ಮೊದಲು ಬರುತ್ತದೆ. ಆದರೆ ಬೇಸಗೆಯಲ್ಲಿ ಅಲ್ಲಿನ ಗಡಿಯಾರಗಳು ಗ್ರೀನಿಚ್ಚಿಗಿಂತ ಎರಡು ಗಂಟೆ ಮುಂದೆ ನಡೆಯುತ್ತವೆ. ಸೂರ್ಯನ ಕಾಲ ಬೇರೆ, ಸರಕಾರದ ಕಾಲ ಬೇರೆ ಎಂಬ ಪಾಠಕ್ಕೆ ಈ ಗೆರೆಗಿಂತ ಒಳ್ಳೆಯ ಚಿತ್ರವಿಲ್ಲ.

ಅಲ್ಲಿಯೇ ಹೊರಗೆ ಬೆಂಚಿನ ಮೇಲೆ ಕುಳಿತು, ಜೊತೆಗೆ ತಂದಿದ್ದ ಬ್ರೆಡ್ಡನ್ನೂ ಹಣ್ಣನ್ನೂ ತಿಂದು, ಸೇನ್ ನದಿಯತ್ತ ನಡೆದೆವು. ನದಿಯ ಸಮೀಪದಲ್ಲಿ ದೋಫೀನ್ ಎಂಬ ಇಕ್ಕಟ್ಟಾದ ಬೀದಿಯುಂಟು. ೧೯೦೬ರ ಏಪ್ರಿಲ್ ೧೯ರಂದು, ಮಳೆ ಬೀಳುತ್ತಿದ್ದಾಗ, ಪಿಯರ್ ಕ್ಯೂರಿ ಇಲ್ಲಿ ರಸ್ತೆ ದಾಟುತ್ತ ಕುದುರೆಗಳ ಸಾಮಾನುಗಾಡಿಯ ಚಕ್ರಕ್ಕೆ ಸಿಕ್ಕಿ ಮಡಿದನು. ಆಗ ಅವನಿಗೆ ನಾಲ್ವತ್ತಾರು ವರ್ಷ. ಒಬ್ಬರೇ ಆ ಬೀದಿಯನ್ನು ದಾಟುವಾಗ ಎರಡು ಕಡೆಗೂ ನೋಡದೆ ಇರಲಾಗುವುದಿಲ್ಲ. ಎದುರಿಗೇ ಪೋಂ ನಫ್, ಅಂದರೆ ಹೊಸ ಸೇತುವೆ. ಹೆಸರು ಹೊಸತಾದರೂ ೧೬೦೭ರಲ್ಲಿ ಮುಗಿದ ಇದೇ ಈಗ ನಗರದ ಅತ್ಯಂತ ಹಳೆಯ ಸೇತುವೆ. ಅದನ್ನು ದಾಟಿ ಬಲಕ್ಕೆ ನಡೆದರೆ ಸಂತ ಜಾಕ್ ಗೋಪುರ. ಅದರ ಅಡಿಯಲ್ಲಿ ಪ್ಯಾಸ್ಕಲನ ಪ್ರತಿಮೆ. ೧೬೪೮ರಲ್ಲಿ ಪ್ಯಾಸ್ಕಲನ ಭಾವ ಪೆರಿಯೇ ಪಾದರಸದ ನಳಿಗೆಯನ್ನು ಪ್ವೀ ದ ದೋಮ್ ಪರ್ವತದ ಮೇಲಕ್ಕೆ ಹೊತ್ತು, ಶಿಖರದಲ್ಲಿ ಪಾದರಸ ಸುಮಾರು ಎಂಟು ಸೆಂಟಿಮೀಟರು ಇಳಿಯುವುದನ್ನು ಕಂಡನು. ಪ್ಯಾಸ್ಕಲನು ಅದನ್ನೇ ಈ ಗೋಪುರದಲ್ಲಿ ಪರೀಕ್ಷಿಸಿದನೆಂದು ಪ್ರಸಿದ್ಧಿ. ಐವತ್ತು ಮೀಟರು ಎತ್ತರಕ್ಕೆ ಪಾದರಸ ಇಳಿಯುವುದು ನಾಲ್ಕೂವರೆ ಮಿಲಿಮೀಟರು ಮಾತ್ರ. ಗೋಪುರದ ಕೆಳಗೆ ನಿಂತು ತಲೆಯೆತ್ತಿ ನೋಡಿದವನಿಗೆ ಆ ನಾಲ್ಕೂವರೆ ಮಿಲಿಮೀಟರಿನ ಬೆಲೆ ತಿಳಿಯುತ್ತದೆ.

ನದಿಯ ದಡದಲ್ಲಿಯೇ ಪಶ್ಚಿಮಕ್ಕೆ ನಡೆಯುವಾಗ ಕಣ್ಣಿಗೆ ತುಂಬುವುದು ಕಟ್ಟಡಗಳ ಕೆನೆಬಣ್ಣದ ಕಲ್ಲು. ಹತ್ತಿರ ಹೋಗಿ ನೋಡಿದರೆ ಅಲ್ಲಲ್ಲಿ ಚಿಪ್ಪುಗಳ ಗುರುತುಗಳು. ಇದು ಸುಮಾರು ನಾಲ್ಕೂವರೆ ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂಡಿದ ಸುಣ್ಣಕಲ್ಲು. ಆ ಭೂಯುಗಕ್ಕೆ ಪ್ಯಾರಿಸ್ಸಿನ ರೋಮನ್ ಹೆಸರಾದ ಲುಟೇಷಿಯದಿಂದಲೇ ಲುಟೇಷಿಯನ್ ಎಂಬ ಹೆಸರು ಬಂದಿದೆ. ಸಮುದ್ರದಡಿಯ ಕೆಸರು ಅರಮನೆಯಾಗಿ ನಿಂತಿರುವ ನಗರವಿದು.

ಕೊನೆಯ ನಿಲ್ದಾಣ ಐಫೆಲ್ ಗೋಪುರ. ೧೮೮೯ರಲ್ಲಿ ಮುಗಿದ ಈ ಕಬ್ಬಿಣದ ರಚನೆಯ ಮೊದಲ ಅಂತಸ್ತಿನ ಕೆಳಗೆ, ಒಂದೊಂದು ಬದಿಗೆ ಹದಿನೆಂಟರಂತೆ, ೭೨ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಹೆಸರುಗಳನ್ನು ಬರೆಸಲಾಗಿತ್ತು. ಅರಾಗೋ, ದೆಲಾಂಬ್ರ, ಫೂಕೋ, ಆಂಪೇರ್, ಕೂಲಾಂ, ಫೂರಿಯೇ, ಕಾರ್ನೋ ಹೀಗೆ ನಮ್ಮ ಪಠ್ಯಪುಸ್ತಕದ ಸೂಚಿಯೇ ಆಕಾಶದಲ್ಲಿ ತೂಗಿದಂತೆ ಕಾಣುತ್ತದೆ. ಗೋಪುರದ ಸುತ್ತ ನಡೆದು ನಾಲ್ಕು ಬದಿಗಳನ್ನೂ ಓದಿದವನಿಗೆ ಇನ್ನೊಂದು ಸಂಗತಿಯೂ ಕಾಣಬೇಕು: ಆ ೭೨ ಹೆಸರುಗಳಲ್ಲಿ ಮಹಿಳೆಯ ಹೆಸರು ಒಂದೂ ಇಲ್ಲ. ಕಂಪಿಸುವ ತಗಡುಗಳ ಗಣಿತಕ್ಕಾಗಿ ೧೮೧೬ರಲ್ಲಿ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದ, ಇದೇ ನಗರದ ಸೋಫಿ ಜರ್ಮೇನ್ ಅಲ್ಲಿಲ್ಲ. ದೆಲಾಂಬ್ರನ ಜೊತೆಗಾರ ಮೆಶೇನನೂ ಇಲ್ಲ. ಸ್ಮಾರಕಗಳು ನೆನಪಿಡುತ್ತವೆ, ಜೊತೆಗೆ ಮರೆಯುತ್ತವೆ. ಮರೆತುದೇನೆಂದು ಕೇಳುವುದೂ ಓದುಗನ ಕರ್ತವ್ಯ. ಇದೇ ಗೋಪುರದ ಮೇಲೆ ೧೯೧೦ರಲ್ಲಿ ಥಿಯೊಡೋರ್ ವುಲ್ಫ್ ಎಂಬ ಪಾದ್ರಿಯು ವಿದ್ಯುದ್ದರ್ಶಕವೊಂದನ್ನು ಕೊಂಡೊಯ್ದು, ನೆಲದಿಂದ ಮೇಲೇರಿದರೂ ವಿಕಿರಣವು ತಾನು ಎಣಿಸಿದಷ್ಟು ಕುಗ್ಗದುದನ್ನು ಕಂಡನು. ಎರಡು ವರ್ಷಗಳ ಮೇಲೆ ಹೆಸ್ ಎಂಬ ವಿಜ್ಞಾನಿ ಬಲೂನಿನಲ್ಲಿ ಏರಿ ವಿಶ್ವಕಿರಣಗಳ ಸುಳಿವನ್ನು ಹಿಡಿದನು.

ಹೊತ್ತು ರಾತ್ರಿ ಹತ್ತನ್ನು ಸಮೀಪಿಸಿದ್ದರೂ ಇನ್ನೂ ಬೆಳಕಿತ್ತು. ಆ ದಿನ ನಾವು ನಡೆದ ದೂರ ಹತ್ತು ಕಿಲೋಮೀಟರಿಗೆ ಕಡಮೆಯಿಲ್ಲ. ಮೀಟರಿನ ಮೂಲ ವ್ಯಾಖ್ಯೆಯಂತೆ ಧ್ರುವದಿಂದ ಭೂಮಧ್ಯರೇಖೆಗೆ ಹತ್ತು ಸಾವಿರ ಕಿಲೋಮೀಟರು. ಎಂದರೆ ಒಂದು ದಿನದಲ್ಲಿ ಆ ದೂರದ ಸಾವಿರದ ಒಂದು ಪಾಲನ್ನು ನಮ್ಮ ಕಾಲುಗಳು ಅಳೆದಿದ್ದುವು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಆ ಅಂಕಿ ಅಂದು ನೋಯುತ್ತಿದ್ದ ಹಿಮ್ಮಡಿಗಳ ಮೂಲಕ ನಮಗೆ ಅರ್ಥವಾಯಿತು. ಭೂಮಿ ದೊಡ್ಡದು, ಆದರೆ ಸಾವಿರ ದಿನಗಳ ನಡಿಗೆಗೆ ಮೀರಿದಷ್ಟು ದೊಡ್ಡದಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕೈಯಲ್ಲಿರುವ ಫೋನಿನ ನಕ್ಷೆಯಲ್ಲಿ ಎಲ್ಲವೂ ಸಿಗುವಾಗ ನಡೆಯುವುದೇಕೆಂದು ಕೆಲವರು ಕೇಳುತ್ತಾರೆ. ಆ ನಕ್ಷೆಯನ್ನು ನಾವೂ ಬಳಸಿದೆವು. ಆದರೆ ಅದು ನಮ್ಮ ಸ್ಥಾನವನ್ನು ಹೇಳುವುದು ಉಪಗ್ರಹಗಳಿಂದ ಬರುವ ಸಂಕೇತಗಳು ಬೆಳಕಿನ ವೇಗದಲ್ಲಿ ನಮ್ಮನ್ನು ಮುಟ್ಟಲು ಹಿಡಿಯುವ ಕಾಲವನ್ನು ಎಣಿಸಿ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ಮುನ್ನೂರು ಮೀಟರು ತಪ್ಪಿತು. ರೋಮರನ ಮೊಮ್ಮಗುವನ್ನು ಜೇಬಿನಲ್ಲಿಟ್ಟುಕೊಂಡು ರೋಮರನ ಮನೆಯನ್ನು ನೋಡದೆ ಬರುವುದು ಯಾವ ನ್ಯಾಯ? ನಕ್ಷೆ ದಾರಿಯನ್ನು ಹೇಳಬಲ್ಲುದು. ಏನನ್ನು ಕೇಳಬೇಕೆಂದು ಹೇಳಲಾರದು. ಒಂಟಿಯಾಗಿ ತಿರುಗುವುದು ಎಲ್ಲರಿಗೂ ಎಲ್ಲೆಡೆಯೂ ಸುಲಭವಲ್ಲ, ವಿದ್ಯಾರ್ಥಿನಿಯರಿಗಂತೂ ಇನ್ನೂ ಕಷ್ಟ ಎಂಬ ಆಕ್ಷೇಪ ಇದಕ್ಕಿಂತ ಗುರುತರವಾದುದು. ಅದನ್ನು ನಾವು ಒಪ್ಪುತ್ತೇವೆ. ಆದರೆ ಅದಕ್ಕೆ ಪರಿಹಾರ ಅವರನ್ನು ನಡೆಯಬೇಡಿರೆನ್ನ���ವುದಲ್ಲ. ಹಗಲಿನಲ್ಲಿ ಯಾವ ಹುಡುಗಿಯೂ ನಿರ್ಭಯವಾಗಿ ಒಬ್ಬಳೇ ನಡೆಯಬಹುದಾದ ಬೀದಿಗಳನ್ನು ನಿರ್ಮಿಸುವುದು.

ಪ್ಯಾರಿಸ್ಸಿಗೆ ಹೋಗಲು ಎಲ್ಲರಿಗೂ ಅನುಕೂಲವೆಲ್ಲಿ ಎಂಬುದು ಕೊನೆಯ ಆಕ್ಷೇಪ. ಹೋಗಲೇಬೇಕೆಂದು ನಾವು ಹೇಳುತ್ತಿಲ್ಲ. ಮೆಶೇನನೂ ದೆಲಾಂಬ್ರನೂ ತಮ್ಮ ಅಳತೆಯನ್ನು ಮುಗಿಸಿದ ಎರಡೇ ವರ್ಷಗಳಲ್ಲಿ, ೧೮೦೦ರಲ್ಲಿ, ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಸರಪಣಿಯಿಂದ ಅಳೆದನು. ೧೮೦೪ರಲ್ಲಿ ಮತ್ತೊಮ್ಮೆ ಅಳತೆ ನಡೆಯಿತು. ಭಾರತವನ್ನೆಲ್ಲ ವ್ಯಾಪಿಸಿದ ಮಹಾ ತ್ರಿಕೋನಮಿತೀಯ ಮೋಜಣಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಪ್ಯಾರಿಸ್ಸಿನ ಕಲ್ಲಿಗೆ ನಾಲ್ಕೂವರೆ ಕೋಟಿ ವರ್ಷವಾದರೆ, ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಅಂಥ ಊರಿನಲ್ಲಿದ್ದುಕೊಂಡು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ರೇಖೆಯ ಹೆಸರನ್ನು ಕೇಳಿದ್ದಾರೆ, ಎಷ್ಟು ಮಂದಿ ಆ ಬಂಡೆಯ ಮೇಲೆ ಕುಳಿತಾಗ ಅದರ ವಯಸ್ಸನ್ನು ನೆನೆದಿದ್ದಾರೆ? ೧೯೫೬ರ ಶಾಸನದಿಂದ ಮೀಟರು ನಮ್ಮದೂ ಆಯಿತು. ಆದರೆ ಅದನ್ನು ಬೀದಿಯ ಗೋಡೆಯಲ್ಲಿ ಕೆತ್ತಿ ಎಲ್ಲರಿಗೂ ತೋರಿಸುವ ಅಭ್ಯಾಸ ಮಾತ್ರ ನಮ್ಮದಾಗಲಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು. ಒಂದೊಂದು ಕಾಲೇಜಿನ ವಿಜ್ಞಾನ ಸಂಘವೂ ತನ್ನ ಊರಿನಲ್ಲಿ ಒಂದು ದಿನದ ನಡಿಗೆಯ ದಾರಿಯನ್ನು ಗುರುತಿಸಲಿ: ಹಳೆಯ ಕೆರೆಯ ತೂಬು, ಮಳೆಮಾಪಕ, ಮೋಜಣಿಯ ಕಲ್ಲು, ಬಂಡೆಯ ಪದರು, ದೇವಾಲಯದ ನೆರಳು, ಏನಿದೆಯೋ ಅದು. ಒಂದು ಗೋಡೆಯ ಮೇಲೆ ನಿಖರವಾದ ಒಂದು ಮೀಟರನ್ನೂ, ಆ ಊರಿನ ಅಕ್ಷಾಂಶವನ್ನೂ, ಅಲ್ಲಿ ಸೂರ್ಯನ ಮಧ್ಯಾಹ್ನ ಯಾವಾಗ ಆಗುವುದೆಂಬುದನ್ನೂ ಕೆತ್ತಿಸಲಿ. ಇದಕ್ಕೆ ಹೆಚ್ಚು ಹಣ ಬೇಡ. ನಗರಸಭೆಗಳು ಮಾಡಬೇಕಾದುದೂ ಒಂದುಂಟು. ನಡೆಯಲು ಸ್ಥಳವಿಲ್ಲದ ನಗರವನ್ನು ಅದರ ಮಕ್ಕಳು ಎಂದಿಗೂ ಅರಿಯಲಾರರು. ಕಾಲುದಾರಿಯನ್ನು ವಾಹನಗಳಿಗೂ ಅಂಗಡಿಗಳಿಗೂ ಬಿಟ್ಟುಕೊಟ್ಟ ಊರು ತನ್ನ ವಿದ್ಯಾರ್ಥಿಗಳ ಕಣ್ಣನ್ನೇ ಕಟ್ಟಿಹಾಕಿದಂತೆ. ವಿದ್ಯಾರ್ಥಿ ಮಿತ್ರರು ಮಾತ್ರ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬರುವ ಭಾನುವಾರ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಅಳತೆಯ ದಾರವನ್ನೂ ಟಿಪ್ಪಣಿಪುಸ್ತಕವನ್ನೂ ಜೇಬಿನಲ್ಲಿಟ್ಟುಕೊಂಡು, ಮನೆಯ ಬಾಗಿಲಿನಿಂದಲೇ ಹೊರಡಬಹುದು.